ಮೂರು ಡಾಕ್ಟರ್ ಪದವಿಗಳ ಖಳನಾಯಕ

ನಡುಗಡಲಿನಲ್ಲಿ ಹಡಗೊಂದು ಸಾಗುತ್ತಿದೆ. ಅಟ್ಟದ ಮೇಲೆ ನಿಂತ ಬಿಳಿಯರ ಸಣ್ಣ ಗುಂಪು ಪುರಾತನ ಖಡ್ಗವೊಂದನ್ನು ನೀರಿಗೆಸೆದು ನೆಮ್ಮದಿಯ ಉಸಿರೆಳೆಯುತ್ತದೆ. ಲೋಕವನ್ನೇ ನುಂಗಲು ಹವಣಿಸಿದ ಖಳನು ಮಣ್ಣುಗೂಡಿದ್ದಾನೆ, ಇನ್ನು ಭಯವಿಲ್ಲ. ಅಷ್ಟರಲ್ಲಿ 'ಢಣ್' ಎಂದು ಜಾಗಟೆಯ ಸದ್ದು! ಬೆಚ್ಚಿ ತಿರುಗಿ ನೋಡಿದರೆ, ಎದುರಿಗಿರುವವನು ಊಟಕ್ಕೆ ಕರೆಯಲು ಬಂದ ಹಡಗಿನ ಪರಿಚಾರಕ, ಒಬ್ಬ ಚೀನೀಯ. ಬಾಯಿ ತೆರೆದರೆ ಉದುರಿದ ಹಲ್ಲುಗಳ ಸಂದು ಕಾಣುತ್ತದೆ. ಇಂಗ್ಲಿಷ್ ಅಧಿಕಾರಿ ಅವನ ಬಳಿ ಸಾರಿ ಗಂಭೀರವಾಗಿ ವಿಚಾರಿಸುತ್ತಾನೆ: ನೀನು ತತ್ತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದಿರುವೆಯಾ? ನ್ಯಾಯಶಾಸ್ತ್ರದಲ್ಲಿ? ವೈದ್ಯಶಾಸ್ತ್ರದಲ್ಲಿ? ಪರಿಚಾರಕನು ಕಿಲಕಿಲನೆ ನಕ್ಕು, ಅಂಥದೇನೂ ತನಗಿಲ್ಲವೆನ್ನುತ್ತಾನೆ. ಅಧಿಕಾರಿ ಅವನನ್ನು ಅಭಿನಂದಿಸುತ್ತಾನೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಇದು ೧೯೩೨ರಲ್ಲಿ ಹಾಲಿವುಡ್ಡಿನ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆ ಹೊರತಂದ 'ದಿ ಮಾಸ್ಕ್ ಆಫ್ ಫೂ ಮಾಂಚು' ಎಂಬ ವಾಕ್ಚಿತ್ರದ ಕೊನೆಯ ದೃಶ್ಯ. ಪ್ರೇಕ್ಷಕರು ನಗುನಗುತ್ತ ಮನೆಗೆ ಹೋಗಲೆಂದು ಇಟ್ಟ ವಿನೋದ. ಆದರೆ ಮೊಸಳೆಗಳ ಹೊಂಡ, ಎರಡು ಪಕ್ಕದಿಂದಲೂ ಕೂಡಿ ಬರುವ ಮೊಳೆಯ ಗೋಡೆಗಳು, ಕಿವಿಯ ಮೇಲೆ ಹಗಲಿರುಳೂ ಬಡಿಯುವ ಗಂಟೆ ಮುಂತಾಗಿ ಚಿತ್ರದುದ್ದಕ್ಕೂ ತೋರಿಸಿದ ಹಿಂಸೆಗಳೆಲ್ಲ ಒಂದು ತೂಕವಾದರೆ, ಈ ಒಂದು ವಿನೋದವೇ ಒಂದು ತೂಕ. ಆ ಪ್ರಶ್ನೆಯ ಗುಟ್ಟು ತಿಳಿಯಬೇಕಾದರೆ ಖಳನಾಯಕನ ಪರಿಚಯವಾಗಬೇಕು.

ಡಾಕ್ಟರ್ ಫೂ ಮಾಂಚು ಸಾಮಾನ್ಯ ಕಳ್ಳನಲ್ಲ. ಗೆಂಘಿಸ್ ಖಾನನ ಗೋರಿಯಲ್ಲಿ ಅಡಗಿರುವ ಚಿನ್ನದ ಮುಖವಾಡವನ್ನೂ ಖಡ್ಗವನ್ನೂ ಕೈವಶಮಾಡಿಕೊಂಡು, ಏಷ್ಯದ ಜನಕೋಟಿಯನ್ನು ಬಿಳಿಯರ ಮೇಲೆ ಎತ್ತಿಕಟ್ಟುವುದು ಅವನ ಹಂಚಿಕೆ. ಸೆರೆಸಿಕ್ಕ ಆಂಗ್ಲರ ಮುಂದೆ ತನ್ನನ್ನು ಪರಿಚಯಿಸಿಕೊಳ್ಳುವಾಗ ಅವನು ಸೈನ್ಯದ ಲೆಕ್ಕ ಹೇಳುವುದಿಲ್ಲ, ಪದವಿಗಳನ್ನು ಎಣಿಸುತ್ತಾನೆ. ಎಡಿನ್‌ಬರೋದಿಂದ ತತ್ತ್ವಶಾಸ್ತ್ರದ ಡಾಕ್ಟರ್ ಪದವಿ, ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಿಂದ ನ್ಯಾಯಶಾಸ್ತ್ರದ್ದು, ಹಾರ್ವರ್ಡಿನಿಂದ ವೈದ್ಯಶಾಸ್ತ್ರದ್ದು. ಮೂರೂ ಬಿಳಿಯರ ವಿದ್ಯಾಪೀಠಗಳೇ. ಹಡಗಿನ ಪರಿಚಾರಕನನ್ನು ಕೇಳಿದ ಮೂರು ಪ್ರಶ್ನೆಗಳು ಇವೇ. ಏಷ್ಯದವನು ಓದಿಕೊಂಡವನೋ, ಅಪಾಯಕಾರಿ. ಜಾಗಟೆ ಬಾರಿಸಿ ಊಟ ಬಡಿಸುವವನೋ, ಅಭಿನಂದನೆಗೆ ಅರ್ಹ. ಚಿತ್ರ ಇಷ್ಟನ್ನೂ ಮುಚ್ಚುಮರೆಯಿಲ್ಲದೆ, ನಗುತ್ತಲೇ ಹೇಳಿಬಿಟ್ಟಿತು.

ಓದಿದ ಖಳನು ನಮ್ಮವರಿಗೆ ಹೊಸಬನೇನಲ್ಲ. ರಾವಣನಿಗೆ ವೇದವಿದ್ಯೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅವನನ್ನು ಕೆಡಿಸಿದ್ದು ವಿದ್ಯೆಯೆಂದು ಯಾವ ಹರಿಕಥೆಯ ದಾಸರೂ ಹೇಳಿಲ್ಲ. ಎದುರು ಪಕ್ಷದ ಹನುಮಂತನೂ ವ್ಯಾಕರಣಪಂಡಿತನೇ. ಬಂಟನೂ ಪಂಡಿತನಾಗಿರಬಹುದೆಂಬುದು ಆ ಕಥೆಯ ಔದಾರ್ಯ. ಫೂ ಮಾಂಚುವಿನ ಕಥೆಯಲ್ಲಿ ಅದಕ್ಕೆ ಎಡೆಯಿಲ್ಲ.

ಈ ಖಳನನ್ನು ಸೃಷ್ಟಿಸಿದವನು ೧೮೮೩ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಆರ್ಥರ್ ವಾರ್ಡ್. ಸ್ಯಾಕ್ಸ್ ರೋಮರ್ ಎಂಬುದು ಅವನ ಲೇಖನನಾಮ. ೧೯೧೨ರಿಂದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಥೆ ೧೯೧೩ರಲ್ಲಿ ಪುಸ್ತಕವಾಯಿತು. ಪ್ರತಿ ಕಂತಿನಲ್ಲೂ ಒಂದು ನಿಗೂಢ ಕೊಲೆ. ಪ್ರತಿ ಕಂತಿನ ಕೊನೆಯಲ್ಲೂ ಖಳನು ಕೂದಲೆಳೆಯಷ್ಟರಲ್ಲಿ ಪಾರು. ಧಾರಾವಾಹಿಯ ರುಚಿ ಬಲ್ಲ ಓದುಗರಿಗೆ ಇದರ ಸೆಳೆತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಳನ ಹೆಸರಂತೂ ವಿಚಿತ್ರ. ಮಾಂಚು ಎಂಬುದು ಆಗತಾನೆ ಚೀನದ ಸಿಂಹಾಸನ ಕಳೆದುಕೊಂಡಿದ್ದ ಜನಾಂಗದ ಹೆಸರು. ನಮ್ಮವನೊಬ್ಬನಿಗೆ 'ಡಾಕ್ಟರ್ ರಾಮ ಮೊಗಲ' ಎಂದು ನಾಮಕರಣ ಮಾಡಿದಂತೆ! ಅವನನ್ನು ಬೆನ್ನಟ್ಟುವ ನಾಯಕ ನೇಲೆಂಡ್ ಸ್ಮಿತ್, ಬರ್ಮಾದಿಂದ ಬಂದ ಬ್ರಿಟಿಷ್ ಅಧಿಕಾರಿ. ಬರ್ಮಾ ಆಗ ಬ್ರಿಟಿಷ್ ಇಂಡಿಯದ ಒಂದು ಭಾಗ.

ಖಳನ ಬೀಡು ಲಂಡನ್ನಿನ ಪೂರ್ವಭಾಗದ ಲೈಮ್‌ಹೌಸ್. ಹಡಗುಕಟ್ಟೆಯ ಪಕ್ಕದ ಆ ಕೇರಿಯಲ್ಲಿ ಕೆಲವು ನೂರು ಚೀನೀಯರು ವಾಸವಾಗಿದ್ದರು: ಹಡಗಿನ ಖಲಾಸಿಗಳು, ಬಟ್ಟೆ ಒಗೆಯುವವರು, ಸಣ್ಣ ಊಟದ ಮನೆಯವರು. ರೋಮರನ ಲೇಖನಿಯಲ್ಲಿ ಅದು ಮಂಜು ಮುಸುಕಿದ, ನೆಲಮಾಳಿಗೆಗಳಲ್ಲಿ ಅಫೀಮಿನ ಹೊಗೆಯಾಡುವ ಪಾತಾಳಲೋಕವಾಯಿತು. ಅಫೀಮಿನ ಮಾತು ಬಂದುದರಿಂದ ಒಂದು ಹಳೆಯ ಲೆಕ್ಕವನ್ನು ತೆರೆಯುವುದು ಅನುಚಿತವಾಗಲಾರದು. ಬಂಗಾಳ, ಬಿಹಾರಗಳ ರೈತರಿಂದ ಗಸಗಸೆಯ ಗಿಡ ಬೆಳೆಸಿ, ಪಾಟ್ನಾ, ಘಾಜಿಪುರಗಳಲ್ಲಿ ಅಫೀಮನ್ನು ಉಂಡೆಕಟ್ಟಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿಸುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿ. ಆ ಸರಕು ತನಗೆ ಬೇಡವೆಂದು ಚೀನ ಹಟಹಿಡಿದಾಗ ೧೮೩೯ರಿಂದ ೧೮೪೨ರವರೆಗೆ ಯುದ್ಧ ಹೂಡಿ, ಹಾಂಗ್‌ಕಾಂಗನ್ನು ಕಿತ್ತುಕೊಂಡದ್ದು ಬ್ರಿಟನ್. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅಫೀಮು ಚೀನೀಯನ ಹುಟ್ಟುಗುಣವಾಗಿ ಕಾದಂಬರಿಯಲ್ಲಿ ಕಾಣಿಸಿಕೊಂಡಿತು. ೧೯೧೨ರ ಚೀನವೋ, ಹೊರಗಿನವರ ಸಾಲದಲ್ಲಿ ಮುಳುಗಿ, ಸ್ವಂತ ರೇವುಗಳ ಸುಂಕದ ಇಲಾಖೆಯನ್ನೂ ವಿದೇಶೀಯ ಅಧಿಕಾರಿಗಳ ಕೈಗೆ ಬಿಟ್ಟು ಕೂತ ದೇಶ. ಅಂಥ ದೇಶ ಲೋಕವನ್ನೇ ಗೆಲ್ಲಲು ಹೊರಟಿದೆಯೆಂದು ಲಂಡನ್ನಿನ ಓದುಗರು ರಾತ್ರಿ ದೀಪದಡಿಯಲ್ಲಿ ನಡುಗಿದರು. 'ಹಳದಿಯ ಗಂಡಾಂತರ'ವೆಂಬ ಮಾತು ಆಗಲೇ ಚಾಲ್ತಿಯಲ್ಲಿತ್ತು. ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್ ೧೮೯೫ರಲ್ಲೇ ಆ ಭಯವನ್ನು ಚಿತ್ರವಾಗಿ ಬರೆಯಿಸಿ ಯುರೋಪಿನ ದೊರೆಗಳಿಗೆ ಹಂಚಿದ್ದನು. ಮಾಡಿದ ಅನ್ಯಾಯ ಎಂದಾದರೂ ತಿರುಗಿ ಬಂದೀತೆಂಬ ಅಳುಕು ಮನುಷ್ಯನನ್ನು ನಿದ್ದೆಗೆಡಿಸುವುದುಂಟು.

ತೆರೆಗೆ ಬಂದಾಗ ಇನ್ನೊಂದು ಸೋಜಿಗ. ಈ ಚೀನೀಯನ ಪಾತ್ರವನ್ನು ಚೀನೀಯನೊಬ್ಬನಿಗೆ ಕೊಡಬೇಕೆಂದು ಹೆಸರಾಂತ ನಿರ್ಮಾಪಕರಾರಿಗೂ ತೋಚಲಿಲ್ಲ. ೧೯೨೩ರ ಬ್ರಿಟಿಷ್ ಮೂಕಿ ಸರಣಿಯಲ್ಲಿ ಹ್ಯಾರಿ ಅಗಾರ್ ಲಯನ್ಸ್ ಎಂಬ ಐರಿಷ್ ನಟ. ೧೯೨೯ರಲ್ಲಿ ಪ್ಯಾರಮೌಂಟಿನವರ ವಾಕ್ಚಿತ್ರದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್. ಕಾದಂಬರಿಯ ಫೂ ಮಾಂಚುವಿಗೆ ಮೀಸೆಯೇ ಇಲ್ಲ. ತುಟಿಯ ಎರಡು ಕಡೆಯಿಂದಲೂ ಗದ್ದದ ಕೆಳಗೆ ಇಳಿಬಿದ್ದ ಆ ಜಗತ್ಪ್ರಸಿದ್ಧ ಮೀಸೆ ಸಿನಿಮಾದವರ ಕಾಣಿಕೆ. ಇಂದಿಗೂ ಅಂಥ ಮೀಸೆಗೆ ಇಂಗ್ಲಿಷಿನಲ್ಲಿ ಅವನದೇ ಹೆಸರು. ಓಲಂಡನು ೧೯೩೧ರಿಂದ ಚಾರ್ಲಿ ಚಾನ್ ಎಂಬ ಸಜ್ಜನ ಚೀನೀ ಪತ್ತೇದಾರನ ಪಾತ್ರವನ್ನೂ ವಹಿಸತೊಡಗಿದನು. ದುಷ್ಟನೂ ಅವನೇ, ಶಿಷ್ಟನೂ ಅವನೇ. ಚೀನೀಯನು ಮಾತ್ರ ಎರಡರಲ್ಲೂ ಇಲ್ಲ.

೧೯೩೨ರ ಚಿತ್ರದ ಫೂ ಮಾಂಚು ಬೋರಿಸ್ ಕಾರ್ಲಾಫ್. ಗಂಟೆಗಟ್ಟಲೆ ಕೂತು ಕಣ್ಣಿನ ರೆಪ್ಪೆಗಳನ್ನು ಎಳೆದು ಅಂಟಿಸಿಕೊಂಡು, ಉದ್ದುದ್ದ ಉಗುರುಗಳನ್ನು ತೊಟ್ಟು ಅವನು ತೆರೆಗೆ ಬಂದನು. ಕಾರ್ಲಾಫ್ ಎಂಬುದು ರಂಗನಾಮ. ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರಾಟ್. ತಂದೆ ಭಾರತದಲ್ಲಿ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿಯ ಕಡೆಯ ಅಜ್ಜಿಯ ಸೋದರಿಯೇ ಸಯಾಮಿನ ಅರಮನೆಯಲ್ಲಿ ಪಾಠ ಹೇಳಿ ಪ್ರಖ್ಯಾತಳಾದ ಆನ್ನಾ ಲಿಯೊನೊವೆನ್ಸ್. ಆಕೆ ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ. ಆ ವಂಶದಲ್ಲಿ ಭಾರತೀಯರ ರಕ್ತವೂ ಬೆರೆತಿತ್ತು. ಆನ್ನಾ ತನ್ನ ಹುಟ್ಟೂರನ್ನು ಬದುಕಿರುವವರೆಗೂ ಮರೆಮಾಚಿದಳು. ಕಾರ್ಲಾಫನೂ ತನ್ನ ಕಂದುಮಿಶ್ರಿತ ಮೈಬಣ್ಣದ ಮೂಲವನ್ನು ಬಹಿರಂಗವಾಗಿ ಆಡಲಿಲ್ಲ. ಏಷ್ಯದ ರಕ್ತವನ್ನು ಮನೆಯಲ್ಲಿ ಮುಚ್ಚಿಟ್ಟು ಏಷ್ಯದ ವೇಷವನ್ನು ತೆರೆಯ ಮೇಲೆ ತೊಡಬೇಕಾದ ಇಂಥ ಬಾಳನ್ನು ಯಾವ ಕಾದಂಬರಿಕಾರನೂ ಕಟ್ಟಿರಲಾರನು. ಆ ಚಿತ್ರದಲ್ಲಿ ಅವನ ಮಗಳ ಪಾತ್ರ ಮಾಡಿದ ಮಿರ್ನಾ ಲಾಯ್ ಅಮೆರಿಕದ ಮಾಂಟಾನಾ ಪ್ರಾಂತದ ಹುಡುಗಿ. ವಾಷಿಂಗ್ಟನ್ನಿನಲ್ಲಿದ್ದ ಚೀನದ ರಾಯಭಾರ ಕಚೇರಿ ಚಿತ್ರದ ವಿರುದ್ಧ ಪ್ರತಿಭಟನೆ ಸಲ್ಲಿಸಿತು. ಚಿತ್ರ ಓಡಿತು.

ಹಾಗಾದರೆ ನಿಜವಾದ ಚೀನೀ ಮುಖಗಳು ಹಾಲಿವುಡ್ಡಿನಲ್ಲಿ ಇರಲಿಲ್ಲವೆ? ಇದ್ದುವು. ಆನ್ನಾ ಮೇ ವಾಂಗ್ ಲಾಸ್ ಏಂಜಲೀಸ್ ನಗರದಲ್ಲೇ ೧೯೦೫ರಲ್ಲಿ ಹುಟ್ಟಿದವಳು. ತಂದೆ ಬಟ್ಟೆ ಒಗೆಯುವ ಅಂಗಡಿಯವನು. ಶಾಲೆ ತಪ್ಪಿಸಿ ಸಿನಿಮಾ ನೋಡಿ, ಬೀದಿಯಲ್ಲಿ ಚಿತ್ರೀಕರಣ ನಡೆಯುವೆಡೆ ಸುಳಿದು, ಹದಿನೇಳನೆಯ ವಯಸ್ಸಿಗೆ 'ದಿ ಟೋಲ್ ಆಫ್ ದಿ ಸೀ' ಚಿತ್ರದ ನಾಯಕಿಯಾದಳು. ಆ ಕಥೆಯಲ್ಲಿ ಆಕೆ ಬಿಳಿಯನೊಬ್ಬನನ್ನು ಪ್ರೀತಿಸಿ, ಮಗುವನ್ನು ಅವನ ಬಿಳಿಯ ಹೆಂಡತಿಗೆ ಒಪ್ಪಿಸಿ, ಸಮುದ್ರದ ಪಾಲಾಗುತ್ತಾಳೆ. ಅಲ್ಲಿಂದ ಮುಂದೆ ಪಾತ್ರದ ಹೆಸರು ಬದಲಾಯಿತೇ ಹೊರತು ಹಣೆಬರಹ ಬದಲಾಗಲಿಲ್ಲ. ಒಂದೋ ಆಕೆ ವಂಚಕಿ, ಇಲ್ಲವೇ ದಾಸಿ. ಎರಡರಲ್ಲೂ ಕೊನೆಯ ಸುರುಳಿಯಲ್ಲಿ ಸಾವು. ಬೇಸತ್ತು ೧೯೨೮ರಲ್ಲಿ ಯುರೋಪಿಗೆ ಹೋದಳು. ಬರ್ಲಿನ್, ಲಂಡನ್ನುಗಳಲ್ಲಿ ಹೆಸರು ಗಳಿಸಿ ಮರಳಿ ಬಂದವಳಿಗೆ ೧೯೩೧ರಲ್ಲಿ ದೊರೆತ ಪಾತ್ರವಾದರೂ ಯಾವುದು? 'ಡಾಟರ್ ಆಫ್ ದಿ ಡ್ರಾಗನ್' ಚಿತ್ರದಲ್ಲಿ ಫೂ ಮಾಂಚುವಿನ ಮಗಳು! ಚಿತ್ರದ ಭಾರವೆಲ್ಲ ಆಕೆಯ ಹೆಗಲ ಮೇಲೆ. ಸ್ವಲ್ಪ ಹೊತ್ತು ಕಾಣಿಸಿಕೊಂಡು ಸಾಯುವ ತಂದೆಯ ಪಾತ್ರದ ಓಲಂಡನಿಗೆ ಆಕೆಗಿಂತ ಇಮ್ಮಡಿ ಸಂಭಾವನೆ.

ಆಕೆಯ ಎದೆ ಒಡೆದದ್ದು ಇದರಿಂದಲ್ಲ. ಪರ್ಲ್ ಬಕ್ ಬರೆದ 'ದಿ ಗುಡ್ ಅರ್ತ್' ಕಾದಂಬರಿ ಚಿತ್ರವಾಗಲಿದೆಯೆಂಬ ಸುದ್ದಿ ಹಬ್ಬಿತು. ಚೀನದ ಬಡ ರೈತನ ಹೆಂಡತಿ ಓಲಾನಳ ಪಾತ್ರ: ವಂಚನೆಯಿಲ್ಲ, ವಿಷವಿಲ್ಲ, ಕಠಾರಿಯಿಲ್ಲ, ಭೂಮಿಯಂಥ ಹೆಣ್ಣು. ಆ ಪಾತ್ರಕ್ಕಾಗಿ ಆನ್ನಾ ಮೇ ವಾಂಗ್ ಹಂಬಲಿಸಿದಳು. ಆದರೆ ರೈತನ ಪಾತ್ರ ಪಾಲ್ ಮುನಿ ಎಂಬ ಬಿಳಿಯ ನಟನ ಪಾಲಾಯಿತು. ಬಿಳಿಯನಿಗೆ ನಿಜವಾದ ಚೀನೀ ಹೆಂಡತಿಯನ್ನು ತೆರೆಯ ಮೇಲೆ ಕಟ್ಟುವುದಕ್ಕೆ ಅಂದಿನ ಹಾಲಿವುಡ್ಡಿನ ಕಟ್ಟಳೆಗಳು ಬಿಡುತ್ತಿರಲಿಲ್ಲ. ಓಲಾನಳಾದವಳು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್; ೧೯೩೭ರ ಆ ಚಿತ್ರಕ್ಕೆ ಆಕೆಗೆ ಆಸ್ಕರ್ ಪ್ರಶಸ್ತಿಯೂ ಬಂದಿತು. ವಾಂಗಳ ಮುಂದಿಟ್ಟದ್ದು ಮನೆಮುರುಕಿಯಾದ ಎರಡನೆಯ ಹೆಣ್ಣಿನ ಪಾತ್ರ. ಇಡೀ ಚಿತ್ರದಲ್ಲಿ ಕೆಟ್ಟದಾದ ಒಂದೇ ಪಾತ್ರವನ್ನು ಚೀನೀ ರಕ್ತದ ತಾನೇ ಮಾಡಬೇಕೆ ಎಂದು ಆಕೆ ನಿರಾಕರಿಸಿದಳು. ೧೯೩೬ರಲ್ಲಿ ಹಿರಿಯರ ನಾಡನ್ನು ನೋಡಬೇಕೆಂದು ಚೀನಕ್ಕೆ ಹೋದಳು. ಅಲ್ಲಿ ಕಾದಿದ್ದುದು ಇನ್ನೊಂದು ಬಗೆಯ ಕಹಿ: ನಮ್ಮ ಮಾನ ಕಳೆಯುವ ಪಾತ್ರಗಳನ್ನು ಏಕೆ ಒಪ್ಪಿದೆ ಎಂದು ಜನ ಮುಖಕ್ಕೇ ಕೇಳಿದರು. ಅಮೆರಿಕಕ್ಕೆ ಆಕೆ ತೀರ ಚೀನೀಯಳು; ಚೀನಕ್ಕೆ ತೀರ ಅಮೆರಿಕದವಳು. ೧೯೬೧ರಲ್ಲಿ ತೀರಿಕೊಂಡ ಈ ನಟಿಯ ಮುಖವನ್ನು ಅಮೆರಿಕದ ಟಂಕಸಾಲೆ ೨೦೨೨ರಲ್ಲಿ ಕಾಲು ಡಾಲರಿನ ನಾಣ್ಯದ ಮೇಲೆ ಅಚ್ಚೊತ್ತಿತು.

ಭಯಕ್ಕೂ ಸರ್ಕಾರದ ಅಪ್ಪಣೆ ಬೇಕಾಗುವುದುಂಟು. ೧೯೪೦ರಲ್ಲಿ 'ಡ್ರಮ್ಸ್ ಆಫ್ ಫೂ ಮಾಂಚು' ಎಂಬ ಹದಿನೈದು ಕಂತುಗಳ ಸರಣಿ ಬಂದಿತು. ಜಪಾನಿನೊಡನೆ ಯುದ್ಧ ತೊಡಗಿ ಚೀನ ಮಿತ್ರರಾಷ್ಟ್ರವಾದೊಡನೆ, ಇಂಥ ಚಿತ್ರಗಳು ಸದ್ಯಕ್ಕೆ ಸಾಕೆಂದು ಅಮೆರಿಕದ ವಿದೇಶಾಂಗ ಖಾತೆ ಸೂಚಿಸಿತು. ಖಳನು ಮೂಲೆ ಸೇರಿದನು. ೧೮೮೨ರಿಂದ ಚೀನೀ ಕೂಲಿಗಾರರಿಗೆ ಅಮೆರಿಕದ ಬಾಗಿಲು ಮುಚ್ಚಿದ್ದ ಕಾನೂನನ್ನೂ ೧೯೪೩ರಲ್ಲಿ ತೆಗೆದುಹಾಕಿದರು. ಬಾಗಿಲು ಎಷ್ಟು ತೆರೆಯಿತೆಂದು ಕೇಳಬಾರದು. ವರ್ಷಕ್ಕೆ ೧೦೫ ಜನರಿಗೆ ಪ್ರವೇಶ!

ಇದು ಚೀನೀಯರ ಪಾಡು ಮಾತ್ರವೆಂದು ನಮ್ಮವರು ನೆಮ್ಮದಿಯಿಂದಿರುವಂತಿರಲಿಲ್ಲ. ೧೯೩೯ರ 'ಗಂಗಾ ದಿನ್' ಚಿತ್ರವನ್ನು ನೋಡಿದವರಿಗೆ ಆ ಹಡಗಿನ ಜಾಗಟೆ ಮತ್ತೆ ಕೇಳಿಸದಿರದು. ಅಲ್ಲಿ ಭಾರತೀಯರು ಎರಡು ಬಗೆ. ಒಬ್ಬನು ಕಾಳಿಯ ಹೆಸರಿನಲ್ಲಿ ಕೊಲೆಗಡುಕರ ಪಡೆ ಕಟ್ಟಿದ ಗುರು. ವೇಷಧಾರಿ ಇಟಲಿಯ ಎಡ್ವಾರ್ಡೊ ಚಿಯನೆಲ್ಲಿ. ಈ ಗುರು ಬುದ್ಧಿವಂತ, ಯುದ್ಧಶಾಸ್ತ್ರ ಓದಿದವನು. ಚಂದ್ರಗುಪ್ತ ಮೌರ್ಯನ ಹೆಸರೆತ್ತಿ, ನೀವು ಗುಹೆಗಳಲ್ಲಿದ್ದಾಗ ನಮ್ಮದು ಮಹಾರಾಜ್ಯವಾಗಿತ್ತೆಂದು ಆಂಗ್ಲ ಸಿಪಾಯಿಗಳಿಗೆ ಪಾಠ ಹೇಳುತ್ತಾನೆ. ಚಿತ್ರದಲ್ಲಿ ಒಂದಿಷ್ಟು ಚರಿತ್ರೆ ಬಲ್ಲವನು ಅವನೊಬ್ಬನೇ. ಆದ್ದರಿಂದ ಅವನು ಹಾವಿನ ಹೊಂಡಕ್ಕೆ ಬೀಳಬೇಕು. ಇನ್ನೊಬ್ಬನು ಒಳ್ಳೆಯವನಾದ ಗಂಗಾ ದಿನ್, ಪಲ್ಟಣಕ್ಕೆ ನೀರು ಹೊರುವ ಭಿಸ್ತಿ. ವೇಷಧಾರಿ ನ್ಯೂಯಾರ್ಕಿನ ಸ್ಯಾಮ್ ಜಾಫೆ. ಕೊನೆಗೆ ಕಹಳೆಯೂದಿ ಬಿಳಿಯ ಸೈನ್ಯವನ್ನು ಎಚ್ಚರಿಸಿ ಅವನು ಪ್ರಾಣ ಬಿಡುತ್ತಾನೆ. ಬೊಂಬಾಯಿ, ಬಂಗಾಳ ಪ್ರಾಂತಗಳಲ್ಲಿ ಚಿತ್ರಕ್ಕೆ ನಿಷೇಧ ಬಿದ್ದಿತು.

ಅದಕ್ಕೊಂದು ವರ್ಷ ಮುಂಚೆ, ೧೯೩೮ರಲ್ಲಿ, ಅಲೆಕ್ಸಾಂಡರ್ ಕೋರ್ಡಾ ತಯಾರಿಸಿದ 'ದಿ ಡ್ರಮ್' ಚಿತ್ರ ಬೊಂಬಾಯಿಯಲ್ಲಿ ಜನರ ಪ್ರತಿಭಟನೆಗೆ ಗುರಿಯಾಗಿತ್ತು. ವಾಯವ್ಯ ಗಡಿಯ ಕಥೆ. ಗುಡ್ಡಗಳು ಬಹುಮಟ್ಟಿಗೆ ವೇಲ್ಸ್ ನಾಡಿನವು. ಬ್ರಿಟಿಷರ ವಿರುದ್ಧ ದಂಗೆಗೆ ಹೊಂಚುಹಾಕುವ, ನಯವಾದ ಮಾತಿನ ಕುಟಿಲ ರಾಜ ಘುಲ್‌ಖಾನನಾಗಿ ಕಂದು ಬಣ್ಣ ಬಳಿದುಕೊಂಡವನು ಕೆನಡದ ರೇಮಂಡ್ ಮ್ಯಾಸಿ. ಅವನೆದುರು, ತಮ್ಮಟೆ ಬಾರಿಸಿ ಬಿಳಿಯರನ್ನು ಕಾಪಾಡುವ ಒಳ್ಳೆಯ ರಾಜಕುಮಾರನಾಗಿ ನಟಿಸಿದ ಹುಡುಗನು ಮಾತ್ರ ಅಪ್ಪಟ ಭಾರತೀಯ. ಅಷ್ಟೇ ಅಲ್ಲ, ಅಪ್ಪಟ ಮೈಸೂರಿನವನು. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ ೧೯೨೪ರಲ್ಲಿ, ಮಹಾರಾಜರ ಆನೆಗಳ ಮಾವುತನ ಮಗನಾಗಿ ಹುಟ್ಟಿದ ಸಾಬು! 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ರಾಬರ್ಟ್ ಫ್ಲಹರ್ಟಿ ಮೈಸೂರು ಸೀಮೆಯಲ್ಲಿ ಚಿತ್ರೀಕರಣ ನಡೆಸಿದಾಗ ಬೆಳಕಿಗೆ ಬಂದ ಆ ಹುಡುಗನ ನಗು ಜಗತ್ತನ್ನೇ ಗೆದ್ದಿತು. ಕಾಕನಕೋಟೆಯ ಕಾಡಿನಂಚಿನಿಂದ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋಗಿ, ಯುದ್ಧಕಾಲದಲ್ಲಿ ಅಮೆರಿಕದ ವಿಮಾನದಳದಲ್ಲಿ ಶೌರ್ಯಪದಕ ಪಡೆದ ಅವನ ಸಾಹಸಕ್ಕೆ ಯಾವ ಕನ್ನಡಿಗನೂ ತಲೆದೂಗದಿರನು. ಆದರೆ ತೆರೆಯ ಮೇಲೆ ಅವನನ್ನು ಬೆಳೆಯಗೊಡಲಿಲ್ಲ. ಬರಿಮೈ, ಮುಂಡಾಸು, ಆನೆ, ಹುಲಿ: ಮೂವತ್ತು ದಾಟಿದ ಮೇಲೂ ಅವನು ಹುಡುಗನೇ. ೧೯೬೩ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು. ಜಾಗಟೆ, ತಮ್ಮಟೆ, ಕಹಳೆ. ಒಳ್ಳೆಯ ಏಷ್ಯನಿಗೆ ಅವರು ಕೊಟ್ಟ ವಾದ್ಯಗಳು ಬೇರೆ ಬೇರೆ, ರಾಗ ಒಂದೇ.

ಚೀನದಲ್ಲಿ ಕಮ್ಯೂನಿಸ್ಟರ ಆಡಳಿತ ನೆಲೆಗೊಂಡ ಮೇಲೆ ಹಳೆಯ ಖಳನು ಮತ್ತೆ ಎದ್ದು ಕುಳಿತನು. ೧೯೬೨ರಲ್ಲಿ ಬಂದ ಜೇಮ್ಸ್ ಬಾಂಡನ ಮೊದಲ ಚಿತ್ರದ ಖಳ, ಅರೆಚೀನೀಯ ಡಾಕ್ಟರ್ ನೋ. ಇವನೂ ಡಾಕ್ಟರನೇ ಎಂಬುದನ್ನು ಗಮನಿಸಬೇಕು. ೧೯೬೫ರಿಂದ ೧೯೬೯ರವರೆಗೆ ನೀಳಕಾಯದ ಇಂಗ್ಲಿಷ್ ನಟ ಕ್ರಿಸ್ಟೊಫರ್ ಲೀ ಐದು ಚಿತ್ರಗಳಲ್ಲಿ ಫೂ ಮಾಂಚುವಾದನು. ಅವನ ಮಗಳ ಪಾತ್ರಕ್ಕೆ ಈ ಸಲ ನಿಜವಾದ ಚೀನೀ ನಟಿ ಸಾಯ್ ಚಿನ್. ಆಕೆ ಷಾಂಘೈಯಲ್ಲಿ ಬೆಳೆದು, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟ್ಯಶಿಕ್ಷಣ ಪಡೆದವಳು. ತಂದೆ ಝೋ ಷಿನ್‌ಫಾಂಗ್ ಪೀಕಿಂಗ್ ಗೀತನಾಟಕದ ಮಹಾನಟ. ಅಂಥ ಮನೆಯ ಮಗಳಿಗೆ ಲಂಡನ್ನಿನಲ್ಲಿ ದೊರೆತದ್ದು ಚಿತ್ರಹಿಂಸೆ ನೋಡಿ ನಗುವ ಕೆಲಸ. ೧೯೭೨ರಲ್ಲಿ ಕಾರ್ಲಾಫನ ಹಳೆಯ ಚಿತ್ರ ಮತ್ತೆ ಹೊರಬಂದಾಗ ಅಮೆರಿಕದ ಜಪಾನೀ ಮೂಲದ ಪ್ರಜೆಗಳ ಸಂಘ ಅದನ್ನು ಹಿಂತೆಗೆಯಬೇಕೆಂದು ಕೇಳಿತು. ೧೯೮೦ರಲ್ಲಿ ಪೀಟರ್ ಸೆಲರ್ಸ್ ಅದೇ ವೇಷವನ್ನು ಹಾಸ್ಯವಾಗಿ ಧರಿಸಿದನು. ಅದು ಅವನ ಕೊನೆಯ ಚಿತ್ರ, ಹಾಸ್ಯವೂ ಫಲಿಸಲಿಲ್ಲ. ೧೯೮೪ರ 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್' ಚಿತ್ರಕ್ಕೆ ಭಾರತ ಸರ್ಕಾರ ಇಲ್ಲಿ ಚಿತ್ರೀಕರಣದ ಅನುಮತಿ ಕೊಡದೆ, ನಿರ್ಮಾಪಕರು ಶ್ರೀಲಂಕೆಗೆ ಹೋದರು. ಕಾಳಿಗೆ ನರಬಲಿ ಕೊಡುವ ಅದರ ಅರ್ಚಕ ಅಮರೀಶ್ ಪುರಿ, ಗಿರೀಶ್ ಕಾರ್ನಾಡರ 'ಕಾಡು' ಚಿತ್ರದಲ್ಲಿ ಕನ್ನಡಿಗರು ಕಂಡಿದ್ದ ನಟ. ಬಣ್ಣ ಬಳಿದ ಬಿಳಿಯನ ಜಾಗಕ್ಕೆ ಭಾರತೀಯನೇ ಬಂದನು. ಪಾತ್ರವೇನೋ ಹಳೆಯದೇ.

೨೦೨೧ರಲ್ಲಿ ಬಂದ 'ಷಾಂಗ್ ಚೀ' ಚಿತ್ರದ ಕಥೆಯಲ್ಲಿ ಒಂದು ಬದಲಾವಣೆಯಾಗಿತ್ತು. ೧೯೭೩ರ ಮೂಲ ಚಿತ್ರಕಥಾಪುಸ್ತಕದಲ್ಲಿ ನಾಯಕನ ತಂದೆ ಫೂ ಮಾಂಚುವೇ ಆಗಿದ್ದನು. ಚಿತ್ರದಲ್ಲಿ ಆ ಹೆಸರನ್ನು ಅಳಿಸಿ, ಹೆಂಡತಿಯನ್ನು ಕಳೆದುಕೊಂಡು ದಾರಿತಪ್ಪಿದ ಬೇರೊಬ್ಬ ತಂದೆಯನ್ನು ತಂದರು. ಆ ಪಾತ್ರ ಹಾಂಗ್‌ಕಾಂಗಿನ ನಟ ಟೋನಿ ಲ್ಯೂಂಗನದು. ಅದರಲ್ಲಿ ಮುದ್ದಾದ ಅಜ್ಜಿಯಾಗಿ ಕಾಣಿಸಿಕೊಂಡವಳು ಐವತ್ತಾರು ವರ್ಷ ಹಿಂದೆ ಫೂ ಮಾಂಚುವಿನ ಮಗಳಾಗಿದ್ದ ಸಾಯ್ ಚಿನ್.

ಇನ್ನು ೧೯೩೨ರ ಆ ಹಡಗಿನ ಪರಿಚಾರಕ. ಅವನ ಮುಖಕ್ಕೆ ಬಣ್ಣದ ಅಗತ್ಯವಿರಲಿಲ್ಲ. ಚೀನದಲ್ಲಿ ಹುಟ್ಟಿದ ಆ ನಟನ ಹೆಸರು ವಿಲ್ಲೀ ಫಂಗ್. ೧೯೪೫ರಲ್ಲಿ ತೀರಿಕೊಳ್ಳುವ ಮೊದಲು ನೂರಕ್ಕೂ ಮೀರಿದ ಚಿತ್ರಗಳಲ್ಲಿ ಅಡಿಗೆಯವನಾಗಿ, ಮನೆಯಾಳಾಗಿ, ಬಟ್ಟೆ ಒಗೆಯುವವನಾಗಿ ಬಂದುಹೋದನು. ಆ ಚಿತ್ರದ ನಟವರ್ಗದ ಪಟ್ಟಿಯಲ್ಲಿ ಅವನ ಹೆಸರಿಲ್ಲ.